ಅಮ್ಮ ಬಚ್ಚಿಟ್ಟ ಗುಂಡಿಗಳು

ಯಹೂದಿ ಮಗು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಆನ್ ಫ್ರಾಂಕ್. ಅವಳ ದಿನಚರಿ ಅಮೆರಿಕದಲ್ಲಿ ಇಂಗ್ಲಿಷಿಗೆ ಬಂದದ್ದು 1952ರಲ್ಲಿ. ಅದರ ಹಿಂದಿನ ವರ್ಷವೇ ಅಲ್ಲಿ ಇನ್ನೊಂದು ಪುಸ್ತಕ ಅಚ್ಚಾಗಿತ್ತು: ಸಿಡ್ನಿ ಟೇಲರ್ ಬರೆದ ‘ಆಲ್ ಆಫ್ ಎ ಕೈಂಡ್ ಫ್ಯಾಮಿಲಿ’. ಅದರಲ್ಲಿ ಯಾರೂ ಅಡಗಿ ಕೂರುವುದಿಲ್ಲ, ಯಾರನ್ನೂ ಎಳೆದೊಯ್ಯುವುದಿಲ್ಲ. ಒಂದೇ ಬಗೆಯ ಉಡುಪು ತೊಟ್ಟ ಐವರು ಅಕ್ಕತಂಗಿಯರು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ಬೆಳೆಯುತ್ತಾರೆ, ಅಷ್ಟೆ. ಕಾಲ 1912ರ ಆಸುಪಾಸು.

ಸಿಡ್ನಿಯ ಹುಟ್ಟುಹೆಸರು ಸಾರಾ ಬ್ರೆನ್ನರ್. 1904ರಲ್ಲಿ ಅದೇ ಕೇರಿಯಲ್ಲಿ, ಯುರೋಪಿನಿಂದ ವಲಸೆ ಬಂದವರ ಮನೆಯಲ್ಲಿ ಹುಟ್ಟಿದವಳು. ಮುಂದೆ ನಾಟಕದಲ್ಲಿ ಅಭಿನಯಿಸಿದಳು, ಮಾರ್ತಾ ಗ್ರಹಾಂ ತಂಡದಲ್ಲಿ ಕುಣಿದಳು. ಬರಹಗಾರ್ತಿಯಾಗುವ ಯೋಚನೆಯೇ ಇರಲಿಲ್ಲ. ಒಬ್ಬಳೇ ಮಗಳು ಜೋ ಮಲಗುವಾಗ, ಅವಳ ಒಂಟಿತನ ಕಳೆಯಲೆಂದು ತನ್ನ ಅಕ್ಕತಂಗಿಯರ ಕಥೆ ಹೇಳುತ್ತಿದ್ದಳು. ಪುಸ್ತಕಗಳಲ್ಲೆಲ್ಲ ಕ್ರೈಸ್ತ ಮಕ್ಕಳೇ ಇರುತ್ತಾರಲ್ಲ, ನಮ್ಮಂಥವರು ಯಾಕಿಲ್ಲ ಎಂದು ಮಗಳು ಕೇಳಿದಳು. ಹಾಗೆಂದು ಯಾರೂ ಇರಲಿಲ್ಲವೆಂದಲ್ಲ: ಸೇಡಿ ರೋಸ್ ವೈಲರ್‌ಸ್ಟೈನ್ ಬರೆದ ಹೆಬ್ಬೆರಳುದ್ದದ ಹುಡುಗ ಕ’ಟಾಂಟನ್ 1930ರ ದಶಕದಲ್ಲೇ ಯಹೂದಿ ಮನೆಗಳಿಗೆ ಬಂದಿದ್ದ. ಆದರೆ ಎಲ್ಲ ಮಕ್ಕಳೂ ಓದುವ ಕಪಾಟಿನಲ್ಲಿ ಅಂಥವರು ಇರಲಿಲ್ಲ.

ಸಿಡ್ನಿ ಕಥೆಗಳನ್ನು ಬರೆದು ಎತ್ತಿಟ್ಟಳು. ಅವಳು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ನೃತ್ಯ ಕಲಿಸಲು ಹೋಗಿದ್ದಾಗ ಗಂಡ ರಾಲ್ಫ್, ಅವಳಿಗೆ ಹೇಳದೆ, ಹಸ್ತಪ್ರತಿಯನ್ನು ಫಾಲೆಟ್ ಪ್ರಕಾಶನದ ಸ್ಪರ್ಧೆಗೆ ಕಳುಹಿಸಿಬಿಟ್ಟ. ಬಹುಮಾನ ಅದಕ್ಕೇ ಬಂತು.

ಈ ಪುಸ್ತಕದ ಜೀವ ಇರುವುದು ಸಣ್ಣ ಸಂಗತಿಗಳಲ್ಲಿ. ಅಪ್ಪನದು ಗುಜರಿ ಅಂಗಡಿ. ಧೂಳು ಒರೆಸಲು ಮಕ್ಕಳಿಗೆ ಬೇಸರ. ಅದಕ್ಕೆ ಅಮ್ಮ ಮುಂಕೋಣೆಯ ಸಂದುಗೊಂದುಗಳಲ್ಲಿ ಗುಂಡಿಗಳನ್ನು ಬಚ್ಚಿಡುತ್ತಾಳೆ. ಎಲ್ಲ ಗುಂಡಿ ಸಿಕ್ಕರೆ ಒರೆಸಿದ್ದು ಸರಿಯಾಗಿದೆ ಎಂದರ್ಥ. ಗ್ರಂಥಾಲಯದ ಪುಸ್ತಕ ಕಳೆದುಹೋದಾಗ ಐವರಲ್ಲೊಬ್ಬಳಾದ ಸಾರಾ ತನ್ನ ಪುಡಿಗಾಸಿನಲ್ಲಿ ಕಂತು ಕಟ್ಟುತ್ತಾಳೆ. ಪಾಸೋವರ್ ಹಬ್ಬದ ಹೊತ್ತಿಗೇ ಮನೆಗೆ ಸ್ಕಾರ್ಲೆಟ್ ಜ್ವರ ಹೊಗುತ್ತದೆ; ಆದರೂ ಹಬ್ಬ ನಿಲ್ಲುವುದಿಲ್ಲ. ಸಬ್ಬತ್ತಿನ ದೀಪ ಯಾಕೆ ಹಚ್ಚುತ್ತಾರೆಂದು ಗೊತ್ತಿಲ್ಲದ ಮಗುವೂ ಓದುತ್ತ ಹೋದಂತೆ ಆ ಮನೆಯವರಲ್ಲಿ ಒಂದಾಗುತ್ತದೆ. ಒಂದು ಜನಾಂಗವನ್ನು ಅದರ ಸಂಕಟದಿಂದ ಮಾತ್ರ ಪರಿಚಯಿಸಿದರೆ ಅವರು ಏನನ್ನು ಕಳೆದುಕೊಂಡರೆಂಬುದು ಮಗುವಿಗೆ ತಿಳಿಯುವುದಾದರೂ ಹೇಗೆ? ಹಬ್ಬದಡುಗೆ, ಅಪ್ಪನ ಅಂಗಡಿ, ಹಾಸಿಗೆಯೊಳಗೆ ಕದ್ದು ತಿಂದ ಮಿಠಾಯಿ, ಇವೂ ಇತಿಹಾಸವೇ ಎಂದು ನಾನು ನಂಬುತ್ತೇನೆ.

ಎಲ್ಲ ಮಕ್ಕಳ ಕಪಾಟು ಸೇರಲು ಈ ಪುಸ್ತಕ ಒಂದು ಬೆಲೆಯನ್ನೂ ತೆರಬೇಕಾಯಿತು. ಕುಟುಂಬ ಇನ್ನಷ್ಟು ಅಮೆರಿಕನ್ ಆಗಿ ಕಾಣಲಿ ಎಂದು ಸಂಪಾದಕಿ ಎಸ್ತರ್ ಮೀಕ್ಸ್ ಬಯಸಿದರು. ಹಾಗಾಗಿ ಜುಲೈ 4ರ ಸ್ವಾತಂತ್ರ್ಯ ದಿನದ ಅಧ್ಯಾಯ ಸೇರಿತು. ಪಟಾಕಿಯ ಆ ಪುಟಗಳು ಸೊಗಸಾಗಿಯೇ ಇವೆ. ಆದರೂ ಯಹೂದಿ ಮಕ್ಕಳು ತಮ್ಮ ದೇಶಪ್ರೇಮ ತೋರಿಸಿಯೇ ಕಪಾಟು ಸೇರಬೇಕಾಯಿತಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಮುಂದೆ ಇದೇ ಕುಟುಂಬದ ಕಥೆ ಇನ್ನೂ ನಾಲ್ಕು ಪುಸ್ತಕಗಳಾಗಿ ಬೆಳೆಯಿತು. ಸಿಡ್ನಿ 1978ರಲ್ಲಿ ತೀರಿಕೊಂಡಳು. ಅಮೆರಿಕದ ಯಹೂದಿ ಗ್ರಂಥಾಲಯಗಳ ಸಂಘ 1968ರಿಂದ ಮಕ್ಕಳ ಪುಸ್ತಕಗಳಿಗೆ ಕೊಡುತ್ತಿದ್ದ ಪ್ರಶಸ್ತಿಗೆ ಆಮೇಲೆ ಅವಳ ಹೆಸರಿಟ್ಟರು. ಆ ಪ್ರಶಸ್ತಿ ಮೊದಲು ಸಂದದ್ದು ಎಸ್ತರ್ ಹೌಟ್ಜಿಗ್ ಅವರ ‘ದಿ ಎಂಡ್‌ಲೆಸ್ ಸ್ಟೆಪ್’ಗೆ, ಯುದ್ಧಕಾಲದಲ್ಲಿ ಸೈಬೀರಿಯಾಕ್ಕೆ ಗಡೀಪಾರಾದ ಹುಡುಗಿಯ ಕಥೆಗೆ. 2018ರಲ್ಲಿ ಎಮಿಲಿ ಜೆಂಕಿನ್ಸ್ ಮತ್ತು ಚಿತ್ರಕಾರ ಪಾಲ್ ಝೆಲಿನ್ಸ್ಕಿ ಅದೇ ಐವರನ್ನು ಹನುಕ್ಕಾ ಹಬ್ಬದ ಅಡುಗೆಮನೆಗೆ ಕರೆತಂದರು. ಆಲೂಗಡ್ಡೆ ದೋಸೆಗೆ ಕೈಹಾಕಲು ಬಿಡಲಿಲ್ಲವೆಂದು ಕೊನೆಯವಳು ಗರ್ಟಿ ರಂಪ ಮಾಡುವ ಆ ಚಿತ್ರಪುಸ್ತಕಕ್ಕೂ ಮರುವರ್ಷ ಸಿಡ್ನಿ ಟೇಲರ್ ಪ್ರಶಸ್ತಿ ದೊರೆಯಿತು.