ಕಾಲುವೆಯಿಂದ ಕೊಳಕ್ಕೆ

ಈಜು ಕಲಿಯಲು ಕೊಳವೇ ಬೇಕೆಂಬುದು ಸಾಮಾನ್ಯ ನಂಬಿಕೆ. ಹವಾಯಿಯ ಮೌಯಿ ದ್ವೀಪದಲ್ಲಿ ಅದು ಸುಳ್ಳಾಯಿತು. ಸ್ವತಃ ನಿಪುಣ ಈಜುಗಾರರಲ್ಲದ ಉಪಾಧ್ಯಾಯ ಸೋಯಿಚಿ ಸಕಾಮೊಟೊ ಅವರು ಕಬ್ಬಿನ ತೋಟದ ಕೂಲಿಗಾರರ ಮಕ್ಕಳಿಗೆ ನೀರಾವರಿ ಕಾಲುವೆಯಲ್ಲೇ ಈಜು ಕಲಿಸಿದರು.

ಹರಿವಿಗೆ ಎದುರಾಗಿ ಈಜುವವನು ಕೈ ಸಡಿಲಿಸಿದೊಡನೆ ಹಿಂದಕ್ಕೆ ಸರಿಯುತ್ತಾನೆ. ಆದುದರಿಂದ ತೋಳಿಗೆ ಬಲವೂ ಉಸಿರಿಗೆ ಹಿಡಿತವೂ ಬರುತ್ತವೆ. ಕೊಳದ ನಿಂತ ನೀರಿನಲ್ಲಿ ಆ ಬಲವೇ ವೇಗವಾಗುತ್ತದೆ.

1937ರಲ್ಲಿ ಅವರು ಕಟ್ಟಿದ ಸಂಘದ ಗುರಿ 1940ರ ಒಲಿಂಪಿಕ್ ಕ್ರೀಡಾಕೂಟ. ಯುದ್ಧದ ದೆಸೆಯಿಂದ ಕೂಟವೇ ನಡೆಯಲಿಲ್ಲ. ಅನೇಕರ ಅವಕಾಶ ತಪ್ಪಿಹೋಯಿತು. ಆದರೂ ಅವರಲ್ಲಿ ತರಬೇತಿ ಪಡೆದ ಬಿಲ್ ಸ್ಮಿತ್ 1948ರಲ್ಲಿ ಲಂಡನ್ನಿನಲ್ಲಿ ಎರಡು ಚಿನ್ನದ ಪದಕ ಗೆದ್ದರು.

ನಮ್ಮ ಮನೆತನದಲ್ಲಿ ಮೊದಲಿಗನಾಗಿ ಬಿ.ಎ. ಓದುತ್ತಿರುವ ನನಗೆ ಪದಕಕ್ಕಿಂತ ಆ ಉಪಾಧ್ಯಾಯರೇ ದೊಡ್ಡವರಾಗಿ ಕಾಣುತ್ತಾರೆ. ಕೊಳ ಬರಲೆಂದು ಅವರು ಕಾಯಲಿಲ್ಲ.