ಕರಗಿದ ಕಿಟ್ಟ ಎಳೆಯಾಗುವ ಬಗೆ

ಊದುಕುಲುಮೆಯಲ್ಲಿ ಅದಿರು ಕರಗಿದಾಗ ಕಬ್ಬಿಣ ತಳಕ್ಕಿಳಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ಸುಣ್ಣ, ಸಿಲಿಕಾ, ಅಲ್ಯೂಮಿನಾಗಳು ಬೆರೆತ ಈ ದ್ರವ ಹೊರಬರುವಾಗ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಬಳ್ಳಾರಿ–ಹೊಸಪೇಟೆ ರಸ್ತೆಯ ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆಯಲ್ಲಿ ಇಂಥ ಕುಲುಮೆಗಳಿವೆ. ಒಂದು ಟನ್ ಕಬ್ಬಿಣ ಇಳಿಸಿದರೆ ಸಾಮಾನ್ಯವಾಗಿ 300ರಿಂದ 400 ಕಿಲೋ ಕಿಟ್ಟ ಬರುತ್ತದೆ. ನೀರು ಹಾಯಿಸಿ ತಟ್ಟನೆ ತಣಿಸಿದ ಕಿಟ್ಟ ಮರಳಿನಂತೆ ಪುಡಿಯಾಗಿ ಸಿಮೆಂಟಿಗೆ ಹೋಗುತ್ತದೆ. ಅದೇ ದ್ರವಕ್ಕೆ ಹಬೆಯನ್ನೋ ಗಾಳಿಯನ್ನೋ ರಭಸದಿಂದ ಹೊಡೆದರೆ ನವಿರಾದ ಎಳೆಗಳಾಗಿ ಸ್ಲ್ಯಾಗ್ ವುಲ್ ಆಗುತ್ತದೆ. ಬಸಾಲ್ಟ್ ಕಲ್ಲನ್ನು ಕರಗಿಸಿ ಮಾಡಿದ್ದು ರಾಕ್ ವುಲ್, ಗಾಜಿನದು ಗ್ಲಾಸ್ ವುಲ್; ಮೂರೂ ಖನಿಜ ಉಣ್ಣೆಗಳೇ.

ವೇಲ್ಸ್‌ನಲ್ಲಿ ಎಡ್ವರ್ಡ್ ಪ್ಯಾರಿ 1840ರಲ್ಲೇ ಸ್ಲ್ಯಾಗ್ ವುಲ್ ಮಾಡಿನೋಡಿದ್ದರು. ಎಳೆ ಬಂತು, ಆದರೆ ಅದನ್ನು ಹಿಡಿದಿಡುವ ವ್ಯವಸ್ಥೆ ಇರಲಿಲ್ಲ. ಕಾರ್ಖಾನೆಯ ತುಂಬ ಹಾರಾಡಿದ ಎಳೆಗಳು ಕೆಲಸಗಾರರನ್ನು ಬಾಧಿಸಿದ್ದರಿಂದ ಕೆಲಸ ನಿಂತಿತು. ವ್ಯಾಪಾರದ ಮಟ್ಟದ ತಯಾರಿಕೆ 1871ರಲ್ಲಿ ಜರ್ಮನಿಯ ಗೇಯೋರ್ಗ್ಸ್‌ಮಾರಿಯನ್‌ಹ್ಯೂಟ್ಟೆಯಲ್ಲಿ ಶುರುವಾಯಿತು.

ಎಳೆ ತೆಗೆಯುವುದರಲ್ಲಿ ಎಲ್ಲವೂ ನಿಂತಿರುವುದು ದ್ರವದ ಹದದ ಮೇಲೆ. ಸಕ್ಕರೆ ಪಾಕದ ಹಾಗೆಯೇ ಇದು: ನೀರಾಗಿದ್ದರೆ ಹನಿಯಾಗುತ್ತದೆ, ಗಟ್ಟಿಯಾದರೆ ಎಳೆಯೇ ಬಾರದು. ತಣ್ಣನೆಯ ಗಾಳಿ ಊದಿದರೆ ಎಳೆ ಪೂರ್ತಿ ಹಿಗ್ಗುವ ಮೊದಲೇ ಹೆಪ್ಪುಗಟ್ಟುತ್ತದೆ. ಹಿಗ್ಗದೆ ಉಳಿದ ಭಾಗ ಗುಂಡುಗುಂಡಾದ ಕಾಳಾಗಿ ಉಣ್ಣೆಯಲ್ಲಿ ಸೇರುತ್ತದೆ. ಈ ಕಾಳು ತೂಕ ಹೆಚ್ಚಿಸುತ್ತದೆಯೇ ಹೊರತು ಶಾಖ ತಡೆಯುವುದಕ್ಕೆ ಹೆಚ್ಚೇನೂ ನೆರವಾಗದು. ಅತಿ ಸಣ್ಣ ಎಳೆ ಬೇಕಾದಲ್ಲಿ ಬಿಸಿ ಅನಿಲವನ್ನೇ ಬಳಸುವುದು ಇದಕ್ಕಾಗಿ.

ಗಾಜಿನ ಎಳೆಗೆ ಬಳಸುವ ಜ್ವಾಲೆಯ ಯಂತ್ರದಲ್ಲಿ ಈ ಯುಕ್ತಿ ಸ್ಪಷ್ಟವಾಗಿ ಕಾಣುತ್ತದೆ. ಕರಗಿದ ಗಾಜು ತೊಟ್ಟಿಯ ತಳದ ಸಣ್ಣ ತೂತುಗಳಿಂದ ದಪ್ಪ ದಾರಗಳಾಗಿ ಇಳಿಯುತ್ತದೆ. ತಿರುಗುವ ಎರಡು ರೋಲರ್‌ಗಳು ಅವನ್ನು ಹಿಡಿದು ಒಂದೇ ವೇಗದಲ್ಲಿ ಕೆಳಗೆ ದೂಡುತ್ತವೆ. ಪಕ್ಕದಲ್ಲಿರುವುದು ಬರ್ನರ್: ಬೆಂಕಿ ಇಟ್ಟಿಗೆಯ ಕೋಣೆಯೊಳಗೆ ಇಂಧನ ಅನಿಲ ಮತ್ತು ಗಾಳಿ ಉರಿದು, ಕಿರಿದಾದ ಸೀಳಿನಿಂದ ಭಾರಿ ವೇಗದಲ್ಲಿ ಹೊರನುಗ್ಗುತ್ತವೆ. ಆ ಜ್ವಾಲೆಗೆ ಅಡ್ಡ ಬಂದ ದಾರದ ತುದಿ ಮತ್ತೆ ಕರಗುತ್ತದೆ. ಕರಗಿದ್ದನ್ನು ಅನಿಲ ಎಳೆದೊಯ್ಯುತ್ತದೆ. ಹೀಗೆ ಒಂದು ಮೈಕ್ರಾನಿಗಿಂತ ತೆಳುವಾದ ಎಳೆಯೂ ಸಿಗುತ್ತದೆ. ಇಂಧನ ಮಾತ್ರ ಬಹಳ ಬೇಕು. ಹಾಗಾಗಿ ಈ ವಿಧಾನ ಶೋಧಕ ಕಾಗದದಂಥ ಬೆಲೆಬಾಳುವ ಸರಕಿಗೆ ಸೀಮಿತ.

ಸಾಮಾನ್ಯ ಗ್ಲಾಸ್ ವುಲ್‌ಗೆ ತಿರುಗುವ ಬುಟ್ಟಿ ಬಳಸುತ್ತಾರೆ. ಶಾಖ ತಾಳುವ ಮಿಶ್ರಲೋಹದ ಈ ಬುಟ್ಟಿಯ ಗೋಡೆಯಲ್ಲಿ ಸಾವಿರಾರು ತೂತುಗಳಿರುತ್ತವೆ. ಗಾಜು ಅವುಗಳಿಂದ ಹೊರಚಿಮ್ಮುತ್ತಿದ್ದಂತೆ, ಸುತ್ತಲಿನ ಉಂಗುರಾಕಾರದ ಬರ್ನರಿನಿಂದ ಬರುವ ಬಿಸಿ ಅನಿಲ ಅದನ್ನು ಕೆಳಮುಖವಾಗಿ ಎಳೆಯುತ್ತದೆ. ರಾಕ್ ವುಲ್‌ನಲ್ಲಿ ದ್ರವವನ್ನು ವೇಗವಾಗಿ ಸುತ್ತುವ ಚಕ್ರಗಳ ಮೇಲೆ ಬಿಟ್ಟು ಎಳೆಯಾಗಿಸುವುದೇ ಹೆಚ್ಚು.

ಹಾರುವ ಎಳೆಗೆ ಅಂಟು ಸಿಂಪಡಿಸಿ, ಕೆಳಗಿನಿಂದ ಗಾಳಿ ಹೀರುವ ಜಾಲರಿ ಪಟ್ಟಿಯ ಮೇಲೆ ಕೂರಿಸುತ್ತಾರೆ. ಪ್ಯಾರಿ ಅವರ ಕಾಲದಲ್ಲಿ ಇಲ್ಲದ್ದು ಇಂಥ ಏರ್ಪಾಟೇ. ಆ ಹಾಸು ಒಲೆಯಲ್ಲಿ ಹದಗೊಂಡು ಹಲಗೆಯೋ ಹೊದಿಕೆಯೋ ಆಗುತ್ತದೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖವನ್ನು ತಡೆಯುವುದು. ಕುಡತಿನಿಯಲ್ಲಿರುವಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಬಾಯ್ಲರ್‌ಗೂ ಹಬೆ ಕೊಳವೆಗಳಿಗೂ ಖನಿಜ ಉಣ್ಣೆ ಸುತ್ತಿ, ಮೇಲೆ ಅಲ್ಯೂಮಿನಿಯಂ ತಗಡು ಹೊದಿಸುತ್ತಾರೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2001ರಲ್ಲಿ ಗಾಜು, ಕಲ್ಲು, ಕಿಟ್ಟದ ನಿರೋಧಕ ಉಣ್ಣೆಗಳನ್ನು ಕ್ಯಾನ್ಸರ್ ತರಬಹುದೆಂಬ ಸಂಶಯದ ಪಟ್ಟಿಯಿಂದ ಕೈಬಿಟ್ಟಿತು. ಕುಲುಮೆಗಳಿಗೆ ಬಳಸುವ ಸೆರಾಮಿಕ್ ಎಳೆಯನ್ನು ಉಳಿಸಿಕೊಂಡಿತು. ಹಾಗಿದ್ದರೂ ಎಲ್ಲ ಬಗೆಯ ಉಣ್ಣೆಯೂ ಚರ್ಮಕ್ಕೆ, ಕಣ್ಣಿಗೆ, ಗಂಟಲಿಗೆ ಚುಚ್ಚುತ್ತದೆ. ಹಳೆಯ ಹೊದಿಕೆ ಬಿಚ್ಚುವ ಕೂಲಿಯವರಿಗೆ ಮುಖಗವುಸು, ಕನ್ನಡಕ, ತುಂಬು ತೋಳಿನ ಅಂಗಿ ಕೊಡಲೇಬೇಕು.