ಆರು ಬಾಟಲಿಗೆ ಒಂದು ಹಿಡಿಕೆ: ಪಾನೀಯ ತಯಾರಕರು ಗಮನಿಸತಕ್ಕ ಅಂಶಗಳು

ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಜಾತ್ರೆ, ಅದರ ಹಿಂದೆಯೇ ಕೊಟ್ಟೂರೇಶ್ವರನ ತೇರು, ಅಲ್ಲಿಂದ ಮುಂದೆ ಮುಂಗಾರಿನವರೆಗೂ ಬಿರುಬಿಸಿಲು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸೋಡಾ, ಜೀರಾ ಪಾನೀಯ ಹಾಗೂ ಕುಡಿಯುವ ನೀರಿನ ಬಾಟಲಿಗಳ ವ್ಯಾಪಾರಕ್ಕೆ ಇದೇ ಸುಗ್ಗಿ. ಈ ಕಾಲದಲ್ಲಿ ಅಂಗಡಿಯ ಮುಂದೆ ನಿತ್ಯ ಕಾಣುವ ದೃಶ್ಯವೊಂದಿದೆ. ಮನೆಗೆ ನೆಂಟರು ಬಂದಿರುವ ಗ್ರಾಹಕನು ದ್ವಿಚಕ್ರ ವಾಹನದಲ್ಲಿ ಬಂದು ಆರು ಬಾಟಲಿ ಕೇಳುತ್ತಾನೆ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ನಿಷೇಧಿಸಿದೆ. ಬಟ್ಟೆಯ ಚೀಲವನ್ನು ಆತ ತಂದಿರುವುದಿಲ್ಲ. ಕೊನೆಗೆ ಕೈಯಲ್ಲಿ ಹಿಡಿಸುವ ಎರಡೇ ಬಾಟಲಿಗಳನ್ನು ಕೊಂಡು ಹೋಗುತ್ತಾನೆ. ಉಳಿದ ನಾಲ್ಕು ಬಾಟಲಿಗಳ ವ್ಯಾಪಾರ ತಪ್ಪಿದ್ದು ರುಚಿಯಿಂದಲೂ ಅಲ್ಲ, ಬೆಲೆಯಿಂದಲೂ ಅಲ್ಲ, ಹಿಡಿಕೆಯಿಲ್ಲದ್ದರಿಂದ. ಅಂತಹ ಹಿಡಿಕೆಯ ವಾಹಕವನ್ನು ಸಣ್ಣ ತಯಾರಕನು ಹೇಗೆ ರೂಪಿಸಿಕೊಳ್ಳಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಇದು ಹೊಸ ವಿದ್ಯೆಯೇನಲ್ಲ. ಹಾಲು ಮೊಸರಿನ ಗಡಿಗೆಗಳನ್ನು ತೂಗುಹಾಕುತ್ತಿದ್ದ ನಮ್ಮ ಹಿರಿಯರ ನೆಲುವು ಭಾರವನ್ನು ತಳದಿಂದ ಹೊತ್ತು ಮೇಲಕ್ಕೆ ಒಂದೇ ಗಂಟಿಗೆ ತರುವ ಉತ್ತಮ ಸಾಧನ. ಗೋಲಿ ಸೋಡಾದ ಮರದ ಪೆಟ್ಟಿಗೆ ಮಾತ್ರ ಗಾಡಿಯವನ ಅನುಕೂಲಕ್ಕೆ ಆದದ್ದು, ಕುಡಿಯುವವನದಕ್ಕಲ್ಲ. ಅಮೆರಿಕದಲ್ಲಿ ಕೋಕಾ-ಕೋಲಾ ಕಂಪನಿಯು ಆರು ಬಾಟಲಿಗಳ ಹಿಡಿಕೆಯ ರಟ್ಟಿನ ಪೆಟ್ಟಿಗೆಯನ್ನು 1923ರಲ್ಲಿ ತಂದಿತು. ಬಾಟಲಿಯನ್ನು ಅಂಗಡಿಯಿಂದ ಮನೆಗೆ ಸಾಗಿಸಿದ್ದು ಅದು. 1960ರ ದಶಕದಲ್ಲಿ ಡಬ್ಬಿಗಳಿಗೆ ಪ್ಲಾಸ್ಟಿಕ್ ಉಂಗುರಗಳು ಬಂದವು. ಈಗ ಅದೇ ದೇಶಗಳಲ್ಲಿ ಅವುಗಳ ಸ್ಥಾನಕ್ಕೆ ಮತ್ತೆ ರಟ್ಟು ಬರುತ್ತಿದೆ.

ಮೊದಲು ತೂಕದ ಲೆಕ್ಕ. 250 ಮಿಲಿಲೀಟರಿನ ಆರು ಬಾಟಲಿಗಳಲ್ಲಿ ದ್ರವವೇ ಒಂದೂವರೆ ಕಿಲೋ. ಒಂದು ಲೀಟರಿನ ಆರು ಬಾಟಲಿಗಳಾದರೆ ಆರು ಕಿಲೋಗೂ ಮೇಲೆ. ಆದರೆ ವಾಹಕವು ಹೊರಬೇಕಾದದ್ದು ಇಷ್ಟನ್ನೇ ಅಲ್ಲ. ವಾಹನದ ಕೊಕ್ಕೆಗೆ ತೂಗುಹಾಕಿದ ಕಟ್ಟು ರಸ್ತೆಯ ಉಬ್ಬಿನಲ್ಲಿ ಜಗ್ಗಿದಾಗ ಹಿಡಿಕೆಯ ಮೇಲಿನ ಎಳೆತವು ಒಂದು ಕ್ಷಣ ಎರಡು ಮೂರು ಪಟ್ಟಾಗುತ್ತದೆ. ಆರು ಕಿಲೋ ಹೊರುವ ಹಿಡಿಕೆಯನ್ನು ಹದಿನೆಂಟು ಇಪ್ಪತ್ತು ಕಿಲೋಗೆ ಪರೀಕ್ಷಿಸುವುದು ಅತಿ ಎಚ್ಚರಿಕೆಯೇನಲ್ಲ. ಕೈಗೆ ನೋವಾಗುವುದು ತೂಕದಿಂದಲ್ಲ, ಒತ್ತಡದಿಂದ. ಮೂರು ಮಿಲಿಮೀಟರ್ ದಪ್ಪದ ಹುರಿಯು ಬೆರಳಿಗೆ ಕೊಡುವ ಒತ್ತಡವು 25 ಮಿಲಿಮೀಟರ್ ಅಗಲದ ಪಟ್ಟಿಯು ಕೊಡುವುದರ ಸುಮಾರು ಎಂಟು ಪಟ್ಟು. ನಾಲ್ಕು ಬೆರಳು ಸಲೀಸಾಗಿ ತೂರಲು ಕಿಂಡಿಯು 90ರಿಂದ 100 ಮಿಲಿಮೀಟರ್ ಉದ್ದ, ಮೂವತ್ತಕ್ಕೆ ಕಡಿಮೆಯಿಲ್ಲದಷ್ಟು ಅಗಲವಿರಬೇಕು. ವಾಹನದ ಕೊಕ್ಕೆಯೂ ಅದೇ ಕಿಂಡಿಯಲ್ಲಿ ತೂರಬೇಕೆಂಬುದನ್ನು ಮರೆಯಬಾರದು.

ಬಾಟಲಿಯನ್ನು ಎಲ್ಲಿ ಹಿಡಿಯಬೇಕು ಎಂಬುದು ಮುಂದಿನ ಪ್ರಶ್ನೆ. ಪೆಟ್ ಬಾಟಲಿಯ ಕೊರಳಿನಲ್ಲಿ ಮುಚ್ಚಳದ ಕೆಳಗೆ ಒಂದು ಉಂಗುರವಿರುತ್ತದೆ. ಸೋಡಾ ಬಾಟಲಿಗಳಲ್ಲಿ ಸಾಮಾನ್ಯವಾಗಿರುವ 28 ಮಿಲಿಮೀಟರಿನ ಕೊರಳಿಗೆ ಈ ಉಂಗುರದ ವ್ಯಾಸ ಸುಮಾರು 33 ಮಿಲಿಮೀಟರ್. ರಟ್ಟಿನಲ್ಲಿ ಇದಕ್ಕಿಂತ ಕಿರಿದಾದ ರಂಧ್ರ ಕೊರೆದು, ಸುತ್ತಲೂ ಕಿರಣಗಳಂತೆ ಸೀಳುಬಿಟ್ಟರೆ, ಬಾಟಲಿಯನ್ನು ಕೆಳಗಿನಿಂದ ಒತ್ತಿದಾಗ ಎಸಳುಗಳು ಬಾಗಿ ಉಂಗುರವನ್ನು ದಾಟಿಸಿ, ಅದರ ಅಡಿಯಲ್ಲಿ ನಿಂತು ಹಿಡಿಯುತ್ತವೆ. ರಟ್ಟು ಕಡಿಮೆ ಸಾಕು, ಲೇಬಲ್ ಪೂರ್ತಿ ಕಾಣುತ್ತದೆ. ನೀರಿನ ಬಾಟಲಿಗಳ ಕೊರಳು ಒಂದೊಂದು ಕಡೆ ಒಂದೊಂದು ಅಳತೆಯದಾದ್ದರಿಂದ ವರ್ನಿಯರ್‌ನಿಂದ ಅಳೆಯದೆ ಡೈ ಮಾಡಿಸಬಾರದು. ಗಾಜಿನ ಬಾಟಲಿಗೆ ಈ ಉಪಾಯ ಸಲ್ಲದು. ಇಂಗ್ಲೆಂಡಿನ ಹೈರಾಮ್ ಕಾಡ್ 1870ರ ದಶಕದಲ್ಲಿ ರೂಪಿಸಿದ ಗೋಲಿ ಬಾಟಲಿಯನ್ನು, ಮಂಡಕ್ಕಿ ಮಿರ್ಚಿಯ ಜೊತೆಗಾಗಿ ಇಂದಿಗೂ ಕೇಳುವವರಿದ್ದಾರೆ. ಅದಕ್ಕೆ ತಳವಿರುವ ಬುಟ್ಟಿಯೂ, ಬಾಟಲಿಗಳು ಒಂದಕ್ಕೊಂದು ತಾಕದಂತೆ ನಡುವೆ ಅಡ್ಡರಟ್ಟೂ ಬೇಕೇ ಬೇಕು.

ರಟ್ಟು ಹರಿಯುವುದು ನಡುವಿನಲ್ಲಿ ಅಲ್ಲ, ಕಿಂಡಿಯ ಮೂಲೆಯಲ್ಲಿ. ಚೌಕ ಮೂಲೆಯಿದ್ದರೆ ಎಳೆತವೆಲ್ಲ ಆ ಒಂದು ಬಿಂದುವಿಗೆ ಸೇರಿ ಸೀಳು ಆರಂಭವಾಗುತ್ತದೆ. ಆದ್ದರಿಂದ ಮೂಲೆಗಳನ್ನು ದುಂಡಗೆ ಮಾಡಬೇಕು. ಕಿಂಡಿಯ ರಟ್ಟನ್ನು ಪೂರ್ತಿ ಕತ್ತರಿಸಿ ತೆಗೆಯದೆ, ಮೇಲಂಚಿನಲ್ಲಿ ಉಳಿಸಿ ಒಳಕ್ಕೆ ಮಡಿಸಿದರೆ ಹಿಡಿಕೆ ಎರಡು ಪದರವಾಗುತ್ತದೆ, ಬೆರಳಿಗೂ ಮೃದು. ಬಟ್ಟೆಗೆ ಹಾಸುಹೊಕ್ಕು ಇರುವಂತೆ ರಟ್ಟಿಗೂ ನಾರಿನ ದಿಕ್ಕೊಂದಿದೆ. ಆ ದಿಕ್ಕಿನಲ್ಲಿ ಎಳೆದರೆ ಗಟ್ಟಿ, ಆದರೆ ಸೀಳು ಬಿಟ್ಟರೆ ಅದೇ ದಿಕ್ಕಿನಲ್ಲಿ ಸುಲಭವಾಗಿ ಓಡುತ್ತದೆ. ಯಾವ ದಿಕ್ಕು ಹಿತವೆಂದು ಕಾಗದದ ಮೇಲೆ ವಾದಿಸುವುದಕ್ಕಿಂತ ಎರಡು ದಿಕ್ಕಿಗೂ ಒಂದೊಂದು ಮಾದರಿ ಕತ್ತರಿಸಿ ತೂಗುಹಾಕಿ ನೋಡುವುದು ಲೇಸು.

ನಮ್ಮ ಕಡೆ ಇವೆಲ್ಲಕ್ಕಿಂತ ದೊಡ್ಡ ಶತ್ರು ನೀರು. ಪರಿಚಿತ ತಯಾರಕರೊಬ್ಬರು ಅಂದವಾಗಿ ಬಣ್ಣದಲ್ಲಿ ಮುದ್ರಿಸಿದ ವಾಹಕಗಳನ್ನು ಜಾತ್ರೆಗೆ ಕಳುಹಿಸಿದ್ದರು. ಅಂಗಡಿಯವರು ಬಾಟಲಿಗಳನ್ನು ಅದರೊಂದಿಗೇ ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟರು. ಸಂಜೆಯ ಹೊತ್ತಿಗೆ ಹಿಡಿಕೆ ಗ್ರಾಹಕರ ಕೈಯಲ್ಲಿ, ಬಾಟಲಿ ನೆಲದ ಮೇಲೆ. ತಪ್ಪು ಅಂಗಡಿಯವರದೆಂದು ಅವರು ಈಗಲೂ ಹೇಳುತ್ತಾರೆ; ನನಗೆ ಹಾಗನ್ನಿಸುವುದಿಲ್ಲ. ಜಾತ್ರೆಯಲ್ಲಿ ಬಾಟಲಿ ಮಂಜುಗಡ್ಡೆಗೆ ಇಳಿಯದೆ ಇನ್ನೆಲ್ಲಿಗೆ ಹೋದೀತು? ಸಾಧಾರಣ ರಟ್ಟು ನೆನೆದಾಗ ತನ್ನ ಬಲದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಸುಕ್ಕುರಟ್ಟಿನ ಪದರಗಳನ್ನು ಅಂಟಿಸುವ ಗೋಂದು ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ, ಅಂದರೆ ಹರಪನಹಳ್ಳಿ, ಹಡಗಲಿಯ ಹೊಲಗಳಲ್ಲಿ ಬೆಳೆಯುವ ಪದಾರ್ಥವೇ. ಅದೂ ನೀರಿಗೆ ಬಿಡುತ್ತದೆ. ರಾಳ ಸೇರಿಸಿ ತಯಾರಿಸಿದ, ಒದ್ದೆಯಾದರೂ ಬಲ ಉಳಿಸಿಕೊಳ್ಳುವ ರಟ್ಟು ದೊರೆಯುತ್ತದೆ, ಬೆಲೆ ಹೆಚ್ಚು. ಅದು ಬೇಡವೆಂದರೆ ವಾಹಕಗಳನ್ನು ಮಡಿಸಿದ ಸ್ಥಿತಿಯಲ್ಲೇ ಅಂಗಡಿಗೆ ಕೊಟ್ಟು, ಮಾರುವ ವೇಳೆಗೆ ಬಾಟಲಿ ಒರೆಸಿ ಸೇರಿಸುವಂತೆ ಏರ್ಪಡಿಸಬೇಕು. ಇದಕ್ಕಾಗಿ ವಾಹಕವು ಅಂಟಿಲ್ಲದೆ, ನಾಲ್ಕೈದು ಸೆಕೆಂಡಿನಲ್ಲಿ ನಿಲ್ಲುವಂತಹದಾಗಿರಬೇಕು. ಜಾತ್ರೆಯ ನೂಕುನುಗ್ಗಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತನ್ನು ಯಾರೂ ಕೊಡಲಾರರು.

ಕಾನೂನಿನ ಎರಡು ಮಾತು. ಕಾರ್ಖಾನೆಯಲ್ಲೇ ಕಟ್ಟಿದ ವಾಹಕವು ಬಾಟಲಿಯ ಲೇಬಲನ್ನು ಮುಚ್ಚುವಂತಿದ್ದರೆ, 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಂತೆ ತಯಾರಕರ ವಿಳಾಸ, ಬಾಟಲಿಗಳ ಸಂಖ್ಯೆ, ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಮುಂತಾದ ಘೋಷಣೆಗಳು ಹೊರಗೂ ಇರತಕ್ಕದ್ದು. ಎರಡನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಅಥವಾ ರುಚಿ ಸೇರಿಸಿದ ಸೋಡಾ ಪಾನೀಯಗಳಿಗೆ ಜಿಎಸ್‌ಟಿ ಶೇ. 40. ಪಾನೀಯದೊಂದಿಗೆ ಸೇರಿಸಿ ಮಾರುವ ವಾಹಕಕ್ಕೂ ಪಾನೀಯದ ದರವೇ ಅನ್ವಯಿಸುವುದರಿಂದ, ಉದಾಹರಣೆಗೆ ಐದು ರೂಪಾಯಿಯ ವಾಹಕವು ಗ್ರಾಹಕನಿಗೆ ಏಳು ರೂಪಾಯಿಯಾಗುತ್ತದೆ. ಡೈ ಮಾಡಿಸುವ ಮುನ್ನ ತಮ್ಮ ತೆರಿಗೆ ಸಲಹೆಗಾರರೊಂದಿಗೆ ಈ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.

ಆರೇ ಬಾಟಲಿ ಇರಬೇಕೆಂಬ ನಿಯಮವಿಲ್ಲ. ಒಂದು ಲೀಟರಿನ ಬಾಟಲಿಗಳಾದರೆ ನಾಲ್ಕು ಸಾಕೆಂದು ನನ್ನ ಅಭಿಪ್ರಾಯ: ತೂಕ ಇಳಿಯುತ್ತದೆ, ಸವಾರನ ಮೊಣಕಾಲಿಗೂ ತಾಗದು. ಡೈಗೆ ಹಣ ಹಾಕುವ ಮೊದಲು ಹತ್ತು ವಾಹಕಗಳನ್ನು ಚಾಕುವಿನಿಂದ ಕೈಯಲ್ಲೇ ಕತ್ತರಿಸಿಕೊಳ್ಳಿರಿ. ಕೆಲವನ್ನು ಮೂರು ಪಟ್ಟು ಭಾರ ಹಾಕಿ ಮೊಳೆಗೆ ಒಂದು ಹಗಲು ಒಂದು ರಾತ್ರಿ ತೂಗಬಿಡಿರಿ. ಕೆಲವಕ್ಕೆ ಮಂಜುನೀರಿನಿಂದ ತೆಗೆದ ಬಾಟಲಿಗಳನ್ನು ತುಂಬಿ ಅರ್ಧ ಗಂಟೆಯ ಬಳಿಕ ಎತ್ತಿ ನೋಡಿರಿ. ಉಳಿದವನ್ನು ವಾಹನದ ಕೊಕ್ಕೆಗೆ ಹಾಕಿಕೊಂಡು ಕೂಡ್ಲಿಗಿಯಿಂದ ಕೊಟ್ಟೂರಿನವರೆಗೆ ಒಮ್ಮೆ ಹೋಗಿ ಬನ್ನಿರಿ. ಮೈಲಾರದ ಜಾತ್ರೆಗೆ ಸರಕು ಸಿದ್ಧವಿರಬೇಕಾದರೆ ಈ ಪರೀಕ್ಷೆಗಳೆಲ್ಲ ಸಂಕ್ರಾಂತಿಗೆ ಮೊದಲೇ ಮುಗಿದಿರಬೇಕು.